ಹೊಸ ಬಸ್ಸಿನ ಜವಳ

೧೯೫೯ನೆಯ ಇಸವಿ. ಶಿವಮೊಗ್ಗದ ಒಂದು ಖಾಸಗಿ ಮೋಟಾರ್ ಸರ್ವಿಸ್ಸಿನಲ್ಲಿ ನಾನು ಮೇಸ್ತ್ರಿಯಾಗಿದ್ದೆ. ಮೇಸ್ತ್ರಿ ಅಂದರೆ ಷೆಡ್ಡಿನ ಮೆಕ್ಯಾನಿಕ್ಕುಗಳಿಗೆಲ್ಲ ಹಿರಿಯ. ಯಾವ ಬಸ್ಸು ರಸ್ತೆಗೆ ಇಳಿಯಬಹುದು, ಯಾವುದು ಇಳಿಯಬಾರದು ಎಂದು ಹೇಳುವವನು. ತುಂಗಾ ಸೇತುವೆಯ ಈಚೆ ದಡದಲ್ಲಿ ನಮ್ಮ ತಗಡಿನ ಷೆಡ್ಡು ಇತ್ತು. ಏಳು ಬಸ್ಸು, ನಾಲ್ಕು ಜನ ಕೆಲಸಗಾರರು. ನನಗೆ ಆಗ ಮೂವತ್ತೊಂದು ವರ್ಷ. ಈಗ ಐವತ್ತರ ಹತ್ತಿರ ಬಂದಿದ್ದೇನೆ. ಕೆಲಸ ಅದೇ, ಊರೂ ಅದೇ.

ನನಗೊಂದು ಅಭ್ಯಾಸವಿದೆ. ದಿನಾ ಸಂಜೆ ಕೈ ತೊಳೆದುಕೊಂಡ ಮೇಲೆ, ಆ ದಿನ ಯಾವ ಬಸ್ಸಿಗೆ ಏನು ಮಾಡಿದೆವು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಬರೆಯುತ್ತ ಬರೆಯುತ್ತ ಅಂದು ಮಳೆ ಬಂತೋ ಇಲ್ಲವೋ, ಮನೆಯಲ್ಲಿ ಏನು ಅಡುಗೆ, ಯಾರು ಬಂದಿದ್ದರು, ಅದೂ ಸೇರಿಬಿಡುತ್ತದೆ. ನನ್ನ ಹೆಂಡತಿ ಗಿರಿಜ ಮದುವೆಯಾದ ಹೊಸತರಲ್ಲಿ ಅದನ್ನು ಓದಿ, "ಬಸ್ಸಿನ ಪುಸ್ತಕದಲ್ಲಿ ಬದನೇಕಾಯಿ ಯಾಕ್ರೀ?" ಎಂದು ಕೇಳಿದ್ದಳು. ಆ ವರ್ಷದ ಪುಸ್ತಕ ಈಗ ನನ್ನ ಮುಂದೆ ಇದೆ. ಎಣ್ಣೆ ಕೈ ತಾಗಿ ಹಾಳೆಗಳು ಕಂದಿವೆ, ಅಕ್ಷರ ಚೆನ್ನಾಗಿಯೇ ಉಳಿದಿದೆ.

ಆ ವರ್ಷ ಸಂಕ್ರಾಂತಿ ಕಳೆದ ಎರಡನೆಯ ವಾರ ನಮ್ಮ ಸಾಹುಕಾರ್ ಗುರುಶಾಂತಪ್ಪನವರು ಒಂದು ಹೊಸ ಡೀಸೆಲ್ ಬಸ್ಸು ತಂದರು. ಅಲ್ಲಿಯವರೆಗೆ ನಮ್ಮಲ್ಲಿ ಇದ್ದದ್ದೆಲ್ಲ ಹಳೆಯ ಪೆಟ್ರೋಲ್ ಬಸ್ಸುಗಳು. ಹೊಸದನ್ನು ಭದ್ರಾವತಿಯ ಕಾರ್ಖಾನೆಯ ಪಾಳಿಯವರಿಗಾಗಿ ಓಡಿಸಬೇಕೆಂದು ಸಾಹುಕಾರ್ರ ಆಸೆ. ಮುಂಭಾಗಕ್ಕೆ ಮಾವಿನೆಲೆ ಕಟ್ಟಿದೆವು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು, ಕಾಯಿ ಒಡೆದೆವು. ಆದರೆ ಅದಕ್ಕೂ ಮೊದಲು ನಮ್ಮ ಷೆಡ್ಡಿನದೇ ಆದ ಒಂದು ಶಾಸ್ತ್ರ ಇತ್ತು. ಅದಕ್ಕೆ ನಾವು ಇಟ್ಟ ಹೆಸರು 'ಜವಳ'.

ಮಗುವಿನ ಹುಟ್ಟುಗೂದಲನ್ನು ಮೊದಲ ಸಲ ತೆಗೆಸುವುದಕ್ಕೆ ನಮ್ಮ ಕಡೆ ಜವಳ ಎನ್ನುತ್ತಾರಲ್ಲ, ಹಾಗೆ ಹೊಸ ಬಸ್ಸಿನಿಂದಲೂ ನಾವು ಒಂದು ಸಾಮಾನನ್ನು ತೆಗೆಯುತ್ತಿದ್ದೆವು. ಅದರ ಹೆಸರು ಥರ್ಮೋಸ್ಟಾಟ್. ಎಂಜಿನ್ನಿನ ಸುತ್ತ ಓಡಾಡುವ ನೀರು ಕಾದ ಮೇಲೆ ಮುಂದಿರುವ ರೇಡಿಯೇಟರಿಗೆ ಹೋಗಬೇಕು, ಅಲ್ಲಿ ಗಾಳಿಗೆ ತಣಿದು ವಾಪಸ್ಸು ಬರಬೇಕು. ಆ ದಾರಿಯ ಬಾಗಿಲಲ್ಲಿ ಕೂತಿರುವ ಹಿತ್ತಾಳೆಯ ವಾಲ್ವೇ ಥರ್ಮೋಸ್ಟಾಟ್. ನೀರು ತಣ್ಣಗಿದ್ದಾಗ ಅದು ಮುಚ್ಚಿಕೊಂಡಿರುತ್ತದೆ, ಕಾದಾಗ ತಾನಾಗಿ ತೆರೆಯುತ್ತದೆ. ಬೆಳಿಗ್ಗೆ ಎಂಜಿನ್ ಬೇಗ ಬೆಚ್ಚಗಾಗಲಿ ಎಂದು ಮಾಡಿದ ಏರ್ಪಾಡು.

ನನಗೆ ಕೆಲಸ ಕಲಿಸಿದ ಉಸ್ತಾದ್ ಖಾದರ್ ಸಾಹೇಬರು ಈ ವಾಲ್ವಿನ ಹಗೆ. ಯುದ್ಧದ ಕಾಲದಲ್ಲಿ ಅವರು ನೋಡಿಕೊಳ್ಳುತ್ತಿದ್ದ ಬಸ್ಸೊಂದರಲ್ಲಿ ಅದು ಮುಚ್ಚಿದ್ದು ಮುಚ್ಚಿದಂತೆಯೇ ಸಿಕ್ಕಿಕೊಂಡು ಎಂಜಿನ್ ಕಾದು, ತಿರುಗದಂತೆ ಹಿಡಿದುಹೋಗಿತ್ತಂತೆ. "ಬರಫ್ ಬೀಳೋ ದೇಶದ ಸಾಮಾನು ಇದು ಬೇಟಾ," ಎನ್ನುತ್ತಿದ್ದರು. "ನಮ್ಮಲ್ಲಿ ಬಿಸಿ ಮಾಡೋಕೆ ಸೂರ್ಯ ಅವ್ನೆ. ಈ ಚೌಕೀದಾರ ಬೇಡ. ನಿದ್ದೆ ಬಂದ್ರೆ ಬಾಗ್ಲು ಹಾಕ್ಕೊಂಡು ಮಲಗಿಬಿಡ್ತಾನೆ." ಅವರು ತೆಗೆದರು, ಅವರನ್ನು ನೋಡಿ ನಾನು ತೆಗೆದೆ. ಆರು ಪೆಟ್ರೋಲ್ ಬಸ್ಸುಗಳಲ್ಲಿ ತೆಗೆದಿದ್ದೆ, ಒಂದಕ್ಕೂ ಏನೂ ಆಗಿರಲಿಲ್ಲ.

ಏಳನೆಯದಕ್ಕೂ ಹಾಗೇ ಮಾಡಿದೆ. ಮೂರು ಬೋಲ್ಟು ಬಿಚ್ಚಿ ವಾಲ್ವನ್ನು ಹೊರತೆಗೆದು ಎಲ್ಲರಿಗೂ ತೋರಿಸಿದಾಗ, ಬೆಳಗಿನ ಪಾಳಿಯ ಡ್ರೈವರ್ ಹಾಲಪ್ಪ, "ಜವಳ ಆಯ್ತು, ಇನ್ನು ಹೆಸರಿಡ್ರಪ್ಪ," ಎಂದ. ಎಲ್ಲರೂ ನಕ್ಕೆವು. ಈ ವಾಲ್ವು ಹಳೆಯವಕ್ಕಿಂತ ದೊಡ್ಡದು, ಥಳಥಳ ಹೊಳೆಯುತ್ತಿತ್ತು. ಎಸೆಯಲು ಮನಸ್ಸಾಗದೆ ಮನೆಗೆ ಒಯ್ದೆ. ಅಂದಿನ ಪುಟದಲ್ಲಿ ಹೀಗಿದೆ: 'ಹೊಸ ಬಸ್ಸಿಗೆ ಪೂಜೆ. ಜವಳ ಆಯಿತು. ಮನೆಯಲ್ಲಿ ಅವರೆಕಾಳು ಸಾರು.'

ಈ ಬಸ್ಸಿಗೆ ದಿನಕ್ಕೆ ಎರಡು ಮುಖ್ಯ ಟ್ರಿಪ್ಪು. ಬೆಳಗಿನ ಆರರ ಪಾಳಿಗೆ ಶಿವಮೊಗ್ಗದಿಂದ ನಾಲ್ಕೂಮುಕ್ಕಾಲಿಗೆ ಹೊರಡುವುದು ಒಂದು; ಅದು ಹಾಲಪ್ಪನದು. ಮಧ್ಯಾಹ್ನ ಎರಡರ ಪಾಳಿಗೆ ಹನ್ನೆರಡೂಮುಕ್ಕಾಲಿಗೆ ಹೊರಡುವುದು ಇನ್ನೊಂದು, ಅದು ಮುನಿಸ್ವಾಮಿಯದು. ಹನ್ನೆರಡು ಮೈಲಿ ದಾರಿ. ಸೇತುವೆ ದಾಟಿ, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿಗಳಲ್ಲಿ ಜನರನ್ನು ಹತ್ತಿಸಿಕೊಂಡು ಭದ್ರಾವತಿ ಸೇರುವಾಗ ಒಳಗೆ ಐವತ್ತಕ್ಕೆ ಕಡಿಮೆ ಜನ ಇರುತ್ತಿರಲಿಲ್ಲ. ಎರಡು ಗಂಟೆಗೆ ಸೈರನ್ ಕೂಗಿದ ಮೇಲೆ ಗೇಟಿನ ಒಳಗೆ ಬಿಡುವುದಿಲ್ಲ. ಆದ್ದರಿಂದ ಬಸ್ಸು ತಡವಾಯಿತೆಂದರೆ ಐವತ್ತು ಮನೆಗಳಲ್ಲಿ ನಮಗೆ ಬೈಗುಳ.

ಮುನಿಸ್ವಾಮಿ ಭದ್ರಾವತಿಯವನೇ. ಅವನ ಅಪ್ಪ ತಮಿಳುನಾಡಿನ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದು ನೆಲೆಸಿದವನು. ಲಾರಿ ತೊಳೆಯುವುದರಿಂದ ಶುರು ಮಾಡಿ ಸ್ಟಿಯರಿಂಗ್ ಹಿಡಿಯುವುದಕ್ಕೆ ಹನ್ನೊಂದು ವರ್ಷ ಹಿಡಿದಿತ್ತು ಅವನಿಗೆ. ಕನ್ನಡ ಮಾತಾಡುತ್ತಿದ್ದ, ಓದಲು ಬರುತ್ತಿರಲಿಲ್ಲ. ನಲವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಬಸ್ಸು ಹತ್ತುವ ಮುಂಚೆ ಚಪ್ಪಲಿ ಬಿಟ್ಟು ಹತ್ತುತ್ತಿದ್ದ.

ಫೆಬ್ರವರಿಯವರೆಗೆ ತೊಂದರೆ ಕಾಣಲಿಲ್ಲ. ಬಿಸಿಲು ಏರಿದ ಹಾಗೆ, ಮಾರ್ಚಿ ತಿಂಗಳ ನಡುವಿನಲ್ಲಿ, ಮಧ್ಯಾಹ್ನದ ಟ್ರಿಪ್ಪಿನಲ್ಲಿ ನಿದಿಗೆ ಕೆರೆಯ ಹತ್ತಿರ ರೇಡಿಯೇಟರಿನ ನೀರು ಮೊದಲ ಸಲ ಕುದಿಯಿತು. ಮುಚ್ಚಳದಿಂದ ಆವಿ ಚಿಮ್ಮಿತು. ಮುನಿಸ್ವಾಮಿ ಬಸ್ಸು ನಿಲ್ಲಿಸಿ, ಎಂಜಿನ್ ತಣಿಯುವವರೆಗೆ ಕಾದು, ಕೆರೆಯ ನೀರು ಹಾಕಿಕೊಂಡು ಹೋದ. ಐದಾರು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಯುಗಾದಿಗೆ ಮುಂಚೆ ಇನ್ನೂ ಎರಡು ಸಲ. ಬೆಳಗಿನ ಟ್ರಿಪ್ಪಿನಲ್ಲಿ ಮಾತ್ರ ಒಂದು ದಿನವೂ ಇಲ್ಲ.

ನಾನು ಕೈಕಟ್ಟಿ ಕೂತಿರಲಿಲ್ಲ. ಎಂಜಿನ್ ಕಾಯುವುದಕ್ಕೆ ಏನೇನು ಕಾರಣ ಇರಬಹುದೋ ಒಂದೊಂದನ್ನೇ ನೋಡುತ್ತ ಬಂದೆ. ಫ್ಯಾನ್ ಬೆಲ್ಟ್ ಸಡಿಲವಾಗಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದೆ, ಬಿಗಿಯಾಗಿತ್ತು. ನೀರು ದೂಡುವ ಪಂಪನ್ನು ಬಿಚ್ಚಿದೆ. ರೆಕ್ಕೆಗಳು ಹೊಸದರಂತೆಯೇ ಇದ್ದವು. ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಪರೀಕ್ಷೆ ಮಾಡಿಸಿದೆ. ರೇಡಿಯೇಟರನ್ನು ಮುಟ್ಟಿ ನೋಡಿದಾಗ ಮಾತ್ರ ಒಂದು ವಿಚಿತ್ರ ಕಂಡಿತು. ಎಂಜಿನ್ ಕೆಂಡವಾಗಿದ್ದರೂ ರೇಡಿಯೇಟರಿನ ಕೆಳಭಾಗ ಉಗುರುಬೆಚ್ಚಗಷ್ಟೇ ಇತ್ತು. ಒಳಗೆ ಕಟ್ಟಿಕೊಂಡಿರಬೇಕು ಎಂದು ಅದನ್ನು ಕೆಳಗಿಳಿಸಿ, ವಾಷಿಂಗ್ ಸೋಡಾ ಹಾಕಿ ಕುದಿಸಿ, ಕೊಳವೆಗಳಲ್ಲಿ ಕಡ್ಡಿ ಆಡಿಸಿದೆವು. ಒಂದು ಚಿಟಿಕೆ ಕೆಸರೂ ಬರಲಿಲ್ಲ. ಮತ್ತೆ ಕೂರಿಸಿದೆವು. ಮಾರನೆಯ ದಿನವೇ ಕುದಿಯಿತು.

ಏಪ್ರಿಲ್ ಮೊದಲ ವಾರ ಅದು ಕುದಿದ ರಭಸಕ್ಕೆ ಹೆಡ್ ಗ್ಯಾಸ್ಕೆಟ್ ಸುಟ್ಟುಹೋಯಿತು. ಎಂಜಿನ್ನಿನ ತಲೆಭಾಗಕ್ಕೂ ಮೈಗೂ ನಡುವೆ ಇರುವ ತೆಳು ಹಾಳೆ ಅದು. ಸುಟ್ಟರೆ ಆ ತಲೆಭಾಗವನ್ನೇ ಬಿಚ್ಚಬೇಕು. ಹೊಸ ಬಸ್ಸು ಮೂರು ದಿನ ಷೆಡ್ಡಿನಲ್ಲಿ ನಿಂತಿತು. ಸಾಹುಕಾರ್ರು ಬಂದು ಬಿಚ್ಚಿ ಹಾಕಿದ ಎಂಜಿನ್ನನ್ನು ನೋಡಿ, "ಬೆಳಿಗ್ಗೆ ಇದೇ ಬಸ್ಸು, ಇದೇ ರಸ್ತೆ. ಹಾಲಪ್ಪನ ಕೈಲಿ ಕುದಿಯಲ್ಲ, ಅವನ ಕೈಲಿ ಕುದಿಯುತ್ತೆ. ಕಾಯಿಲೆ ಯಾರಿಗೆ ರುದ್ರಪ್ಪ, ಬಸ್ಸಿಗೋ ಡ್ರೈವರಿಗೋ?" ಎಂದು ಕೇಳಿದರು.

ಷೆಡ್ಡಿನಲ್ಲಿ ಆ ಮಾತು ಆಗಲೇ ಓಡಾಡುತ್ತಿತ್ತು. ಮುನಿಸ್ವಾಮಿ ನೀರು ನೋಡದೆ ಗಾಡಿ ತೆಗೆಯುತ್ತಾನೆ, ಭಾರ ಇದ್ದಾಗಲೂ ಗೇರು ಇಳಿಸುವುದಿಲ್ಲ, ಲಾರಿ ಓಡಿಸಿದ ಕೈ ಅದು, ಹೀಗೆ. ಪರೀಕ್ಷೆ ಮಾಡೋಣ ಎಂದು ರಿಪೇರಿಯಾದ ಮೇಲೆ ಒಂದು ಭಾನುವಾರ ಹಾಲಪ್ಪನನ್ನು ಮಧ್ಯಾಹ್ನದ ಟ್ರಿಪ್ಪಿಗೆ ಕಳಿಸಿದೆವು. ಅವನು ಸಲೀಸಾಗಿ ಹೋಗಿ ಬಂದ. "ಕುದಿಯೋದಾ? ಮುಖ ತೊಳ್ಯೋಕೂ ಬಿಸಿನೀರು ಸಿಗ್ಲಿಲ್ಲ ಮಾರಾಯ," ಎಂದು ಕೀಲಿಕೈ ನನ್ನ ಮುಂದಿಟ್ಟ. ಅಲ್ಲಿಗೆ ಮುನಿಸ್ವಾಮಿಯ ಬಾಯಿ ಕಟ್ಟಿದಂತಾಯಿತು.

ಆ ವಾರ ಮುನಿಸ್ವಾಮಿಯ ಕೈಯಲ್ಲಿ ಮತ್ತೆ ಎರಡು ಸಲ ಕುದಿಯಿತು. ಶುಕ್ರವಾರ ಸಾಹುಕಾರ್ರು ನನ್ನಿಂದ ರಿಪೋರ್ಟ್ ಕೇಳಿದರು. ಬರೆದುಕೊಟ್ಟೆ. 'ವಾಹನವನ್ನು ಪೂರ್ತಿ ತಪಾಸಣೆ ಮಾಡಲಾಗಿದೆ. ದೋಷ ಕಂಡುಬಂದಿಲ್ಲ. ಚಾಲಕನು ನೀರನ್ನು ಸರಿಯಾಗಿ ನೋಡಿಕೊಳ್ಳದೆ ಓಡಿಸುವುದೇ ಕಾರಣವೆಂದು ಕಾಣುತ್ತದೆ.' ಕೆಳಗೆ ನನ್ನ ಸಹಿ. ಸಾಹುಕಾರ್ರು ಓದಿ, "ಸೋಮವಾರದಿಂದ ಅವನು ಬೇಡ," ಎಂದರು. ಆ ಕಾಲದಲ್ಲಿ ಊರಿನ ಬಸ್ ಮಾಲೀಕರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರು. 'ನೀರು ನೋಡದ ಡ್ರೈವರ್' ಎಂದು ಒಂದು ಷೆಡ್ಡಿನಿಂದ ಹೊರಬಿದ್ದವನಿಗೆ ಇನ್ನೊಂದು ಷೆಡ್ಡಿನಲ್ಲಿ ಸ್ಟಿಯರಿಂಗ್ ಸಿಗುತ್ತಿರಲಿಲ್ಲ. ಮತ್ತೆ ಲಾರಿ ತೊಳೆಯಬೇಕಿತ್ತು.

ಶನಿವಾರ ಸಂಜೆ ಮುನಿಸ್ವಾಮಿ ನನ್ನ ಬಳಿ ಬಂದ. ನಾನು ನೋಟ್‌ಬುಕ್ ಬರೆಯುತ್ತಿದ್ದೆ.

"ಮೇಸ್ತ್ರಿ, ಕಾಗದದಲ್ಲಿ ಏನ್ ಬರ್ದ್ರಿ?"

ಹೇಳಿದೆ. ಮುಚ್ಚಿಡಲು ನನಗೆ ಕಾರಣ ಕಾಣಲಿಲ್ಲ. ನನ್ನ ಕೆಲಸ ನಾನು ಮಾಡಿದ್ದೇನೆ ಎಂದೇ ಇತ್ತು.

"ನಾನು ನೀರು ನೋಡ್ದೆ ಗಾಡಿ ತೆಗ್ದಿದ್ದನ್ನ ನೀವು ನೋಡಿದ್ರಾ ಸಾಮಿ?"

"ಇಲ್ಲ."

"ಮತ್ತೆ ಯಾರು ನೋಡಿದ್ರು?"

ನಾನು ನೋಟ್‌ಬುಕ್ಕಿನ ಕಡೆ ತಿರುಗಿದೆ. ಅವನು ಕೊಕ್ಕೆಗೆ ತಗಲಿಸಿದ್ದ ತನ್ನ ಟವೆಲ್ ತೆಗೆದುಕೊಂಡು ಹೋದ. ಅವನು ಜಗಳ ಮಾಡಿದ್ದರೆ ಅಂದು ರಾತ್ರಿ ನನಗೆ ನಿದ್ದೆ ಬರುತ್ತಿತ್ತೇನೋ. ಅಂದಿನ ಪುಟದಲ್ಲಿ ಅಡುಗೆ ಏನೆಂದು ಬರೆದಿಲ್ಲ.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ಕಡುಬು. ಗಿರಿಜ ಒಲೆಯ ಮುಂದೆ ಇದ್ದಳು, ನಾನು ಅಲ್ಲೇ ಮಣೆ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದೆ. ಕಡುಬಿನ ಪಾತ್ರೆಯ ತಳದಲ್ಲಿ ನೀರಿನೊಳಗೆ ಏನೋ ಟಕಟಕ ಸದ್ದು ಮಾಡುತ್ತಿತ್ತು. ಹಬೆಯಲ್ಲಿ ಬೇಯಿಸುವಾಗ ತಳದ ನೀರಿಗೆ ಒಂದು ದಪ್ಪ ಬಿಲ್ಲೆಯನ್ನೋ ಕಲ್ಲನ್ನೋ ಹಾಕುವುದು ನಮ್ಮ ಮನೆಯ ಹೆಂಗಸರ ಪದ್ಧತಿ. ನೀರು ಕುದಿಯುತ್ತಿರುವವರೆಗೂ ಅದು ಕುಣಿಯುತ್ತ ಸದ್ದು ಮಾಡುತ್ತದೆ. ಸದ್ದು ನಿಂತರೆ ನೀರು ಇಂಗಿತು ಎಂದು ಅರ್ಥ, ಮುಚ್ಚಳ ತೆಗೆದು ನೋಡಬೇಕಾಗಿಲ್ಲ.

"ಏನು ಹಾಕಿದೀಯ ಅದಕ್ಕೆ? ಸದ್ದು ಬೇರೆ ಥರ ಇದೆ," ಎಂದೆ.

"ನೀವು ತಂದ ಹಿತ್ತಾಳೆ ಸಾಮಾನು. ಕಲ್ಲಿಗಿಂತ ಚೆನ್ನಾಗಿ ಮಾತಾಡುತ್ತೆ," ಎಂದಳು. ಆಮೇಲೆ ಇಕ್ಕಳದಿಂದ ಕಡುಬಿನ ತಟ್ಟೆ ಎತ್ತುತ್ತ, "ಆದ್ರೆ ಅದು ಒಂಥರಾ ಸಾಮಾನು ಕಣ್ರೀ. ಹಾಕೋವಾಗ ಗಿಡ್ಡ ಇರುತ್ತೆ, ಕುದಿಯೋವಾಗ ಉದ್ದ ಆಗುತ್ತೆ," ಎಂದಳು.

"ಉದ್ದ ಆಗ್ಲೇಬೇಕು. ಮೇಲಿನ ಮುಚ್ಚಳ ತೆರ್ಕೊಳ್ಳುತ್ತೆ. ಅದರ ಕೆಲಸವೇ ಅದು."

"ಮೇಲಿಂದು ತೆರ್ಕೊಳ್ಳುತ್ತೆ, ಸರಿ. ಕೆಳಗಿಂದು ಮುಚ್ಕೊಳ್ಳುತ್ತಲ್ಲ, ಅದ್ಯಾಕೆ?"

ಕಾಫಿ ಲೋಟ ಕೆಳಗಿಟ್ಟೆ. "ಕೆಳಗಿಂದು ಯಾವ್ದು?"

"ಬನ್ನಿ ಇಲ್ಲಿ. ಎರಡು ತಿಂಗಳಿಂದ ನೋಡ್ತಾ ಇದೀನಿ, ಮೇಸ್ತ್ರಿಗಳು ಕೇಳಿದ್ರೆ ತಾನೆ."

ಇಕ್ಕಳದಲ್ಲಿ ಹಿಡಿದು ಹೊರತೆಗೆದಳು. ಮೇಲಿನ ಬಾಯಿ ಅಗಲವಾಗಿ ತೆರೆದಿತ್ತು. ಕೆಳಗೆ ಬಳೆಯ ಹಾಗಿದ್ದ ಒಂದು ಪಟ್ಟಿ ಜಾರಿ, ಪಕ್ಕದಲ್ಲಿದ್ದ ಕಿಟಕಿಯಂಥ ಸಂದುಗಳನ್ನು ಪೂರ್ತಿ ಮುಚ್ಚಿತ್ತು. ನೋಡನೋಡುತ್ತ ಅದು ತಣಿಯಿತು. ಬಾಯಿ ಮುಚ್ಚಿತು, ಕಿಟಕಿಗಳು ತೆರೆದವು. ಮತ್ತೆ ನೀರಿಗೆ ಹಾಕಿಸಿದೆ, ಮತ್ತೆ ತೆಗೆಸಿದೆ. ಮೂರನೆಯ ಸಲಕ್ಕೆ ಗಿರಿಜ, "ಕಡುಬು ತಿಂತೀರೋ, ಇದನ್ನೇ ತಿಂತೀರೋ?" ಎಂದಳು.

ನಾನು ಈ ಸಾಮಾನನ್ನು ಹನ್ನೆರಡು ವರ್ಷದಿಂದ ಕೈಯಲ್ಲಿ ಹಿಡಿದವನು. ಹಿಡಿದದ್ದೆಲ್ಲ ತಣ್ಣಗಿದ್ದಾಗ. ಬಿಸಿನೀರಿನಲ್ಲಿ ಅದು ಏನು ಮಾಡುತ್ತದೆಂದು ಒಮ್ಮೆಯೂ ನೋಡಿರಲಿಲ್ಲ. ಹಳೆಯ ಪೆಟ್ರೋಲ್ ಬಸ್ಸುಗಳ ವಾಲ್ವಿಗೆ ಇದ್ದದ್ದು ಒಂದೇ ಬಾಗಿಲು. ಹೊಸ ಎಂಜಿನ್ನಿನದಕ್ಕೆ ಎರಡು.

ಸೈಕಲ್ ಹತ್ತಿ ಷೆಡ್ಡಿಗೆ ಹೋದೆ. ಬಸ್ಸಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ಎಣ್ಣೆ ಕಾಗದದಲ್ಲಿ ಸುತ್ತಿದ ಹಾಗೆಯೇ ಬೀರುವಿನಲ್ಲಿ ಇತ್ತು, ನಾನೇ ಇಟ್ಟದ್ದು. ಅಕ್ಷರ ಅಕ್ಷರ ಕೂಡಿಸಿ ಓದಿದೆ. ಚಿತ್ರವೂ ಇತ್ತು. ಈ ಎಂಜಿನ್ನಿನಲ್ಲಿ ಕಾದ ನೀರಿಗೆ ಎರಡು ದಾರಿ. ಒಂದು ರೇಡಿಯೇಟರಿಗೆ ಹೋಗುವ ದೊಡ್ಡ ದಾರಿ. ಇನ್ನೊಂದು ಬೈಪಾಸ್ ಎಂಬ ಒಳದಾರಿ, ರೇಡಿಯೇಟರಿಗೆ ಹೋಗದೆ ಪಂಪಿನ ಮೂಲಕ ನೇರವಾಗಿ ಎಂಜಿನ್ನಿಗೇ ವಾಪಸ್ಸು. ನೀರು ಕಾದಾಗ ವಾಲ್ವು ದೊಡ್ಡ ದಾರಿಯನ್ನು ತೆರೆದು, ಒಳದಾರಿಯನ್ನು ಮುಚ್ಚುತ್ತದೆ. ವಾಲ್ವೇ ಇಲ್ಲದಿದ್ದರೆ ಒಳದಾರಿ ಸದಾ ತೆರೆದೇ ಇರುತ್ತದೆ. ನೀರಿಗೆ ಹತ್ತಿರದ ದಾರಿ ಇಷ್ಟ. ಬಹುಪಾಲು ಅಲ್ಲೇ ಸುತ್ತುತ್ತದೆ, ತಣಿಯುವುದಕ್ಕೆ ಹೋಗುವುದೇ ಇಲ್ಲ. ರೇಡಿಯೇಟರಿನ ಕೆಳಭಾಗ ಯಾಕೆ ಉಗುರುಬೆಚ್ಚಗಿತ್ತು ಎಂದು ಈಗ ಹೊಳೆಯಿತು. ಬೆಳಗಿನ ತಂಪಿನಲ್ಲಿ ಇಷ್ಟರಲ್ಲೇ ಹೇಗೋ ಸರಿಹೋಗುತ್ತಿತ್ತು. ಏಪ್ರಿಲ್ಲಿನ ಮಧ್ಯಾಹ್ನ, ಐವತ್ತು ಜನರ ಭಾರ ಎಳೆಯುವಾಗ ಸರಿಹೋಗುತ್ತಿರಲಿಲ್ಲ.

ಹಾಗಾದರೆ ಹಾಲಪ್ಪ ಮಧ್ಯಾಹ್ನ ಓಡಿಸಿದಾಗ ಯಾಕೆ ಕುದಿಯಲಿಲ್ಲ? ನೋಟ್‌ಬುಕ್ ತೆಗೆದೆ. ನನ್ನದೇ ಅಕ್ಷರ: 'ಭಾನುವಾರ. ಹಾಲಪ್ಪ ಮಧ್ಯಾಹ್ನದ ಟ್ರಿಪ್. ಜನ ೧೯. ನೀರು ಕುದಿಯಲಿಲ್ಲ. ಬೆಳಿಗ್ಗೆ ಹತ್ತರಿಂದ ಮಳೆ, ಆಮೇಲೆ ತಂಪು. ಮಾವಿನಕಾಯಿ ಚಿತ್ರಾನ್ನ.' ಭಾನುವಾರ ಕಾರ್ಖಾನೆಯ ಬಹಳ ವಿಭಾಗಗಳಿಗೆ ರಜೆ. ಬಸ್ಸು ಅರ್ಧಕ್ಕಿಂತ ಹೆಚ್ಚು ಖಾಲಿ, ಮೇಲೆ ಮಳೆ. ಎಲ್ಲವನ್ನೂ ಬರೆದಿದ್ದೆ, ಒಂದರ ಪಕ್ಕ ಒಂದನ್ನು ಇಟ್ಟು ಓದಿರಲಿಲ್ಲ. ಹಿಂದಿನ ಹಾಳೆಗಳನ್ನು ತಿರುವಿದಾಗ ಫೆಬ್ರವರಿಯ ಒಂದು ಸಾಲು ಸಿಕ್ಕಿತು: 'ಮುನಿಸ್ವಾಮಿ ಹೇಳಿದ್ದು, ಬಿಸಿ ತೋರಿಸುವ ಮೀಟರಿನ ಮುಳ್ಳು ಮಧ್ಯಾಹ್ನದ ಟ್ರಿಪ್ಪಿನಲ್ಲಿ ಮೇಲೆ ನಿಲ್ಲುತ್ತದಂತೆ. ನೋಡಬೇಕು.' ನೋಡಿರಲಿಲ್ಲ.

ಷೆಡ್ಡಿನಲ್ಲಿ ಅವತ್ತು ನಾನೊಬ್ಬನೇ. ಒಂದು ಯೋಚನೆ ಬಂತು, ಅದನ್ನೂ ಹೇಳಿಬಿಡುತ್ತೇನೆ. ಮೂರು ಬೋಲ್ಟಿನ ಕೆಲಸ. ಸದ್ದಿಲ್ಲದೆ ವಾಲ್ವು ಕೂರಿಸಿದರೆ ನಾಳೆಯಿಂದ ಬಸ್ಸು ಕುದಿಯುವುದಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ. ಆದರೆ ನಾಳೆಯಿಂದ ಮುನಿಸ್ವಾಮಿಯೂ ಇರುವುದಿಲ್ಲ. ಅವನು ಹೋದ ದಿನವೇ ಬಸ್ಸು ಸರಿಯಾದರೆ, ತಪ್ಪು ಅವನದೇ ಎಂಬುದಕ್ಕೆ ಬೇರೆ ಸಾಕ್ಷಿ ಯಾಕೆ ಬೇಕು? ನನ್ನ ರಿಪೇರಿಯೇ ಅವನ ಮೇಲೆ ಮೊಹರು ಒತ್ತುತ್ತಿತ್ತು. ವಾಲ್ವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಸಾಹುಕಾರ್ರ ಮನೆಗೆ ಹೋದೆ.

ಅವರು ಊಟ ಮುಗಿಸಿ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಕೇಳಿಸಿಕೊಂಡು, ರಿಪೋರ್ಟನ್ನು ಒಳಗಿಂದ ತರಿಸಿ ನನ್ನ ಮುಂದೆ ಹಿಡಿದರು.

"ಇದು ನಿನ್ನ ಕೈಬರಹ ತಾನೆ?"

"ಹೌದು."

"ಶುಕ್ರವಾರ ನಿಜವಾಗಿದ್ದು ಭಾನುವಾರಕ್ಕೆ ಸುಳ್ಳಾಯ್ತಾ?"

"ಶುಕ್ರವಾರವೂ ಸುಳ್ಳೇ ಆಗಿತ್ತು. ನನಗೆ ಗೊತ್ತಿರಲಿಲ್ಲ."

"ಖಾದರ್ ಸಾಹೇಬರ ಕಾಲದಿಂದ ತೆಗೀತಾ ಬಂದಿದೀರಲ್ಲೋ. ಈಗ ಹೆಂಡತಿ ಕಡುಬಿನ ಪಾತ್ರೆಯಿಂದ ಹೊಸ ಶಾಸ್ತ್ರ ತಂದೆ ಅಂದ್ರೆ ನಾನು ನಂಬ್ಬೇಕಾ?"

"ನಂಬ್ಬೇಡಿ. ಎರಡು ದಿನ ಕೊಡಿ. ನಾಳೆ ವಾಲ್ವಿಲ್ಲದೆ ಹಾಲಪ್ಪ ಓಡಿಸ್ಲಿ, ತುಂಬಿದ ಬಸ್ಸು. ನಾಡಿದ್ದು ವಾಲ್ವು ಹಾಕಿ ಮುನಿಸ್ವಾಮಿ ಓಡಿಸ್ಲಿ. ಆಮೇಲೆ ಯಾರನ್ನ ಬಿಡಿಸ್ಬೇಕೋ ನೀವೇ ನೋಡಿ. ನನ್ನನ್ನಾದ್ರೂ ಸರಿ."

ಸಾಹುಕಾರ್ರು ಎಲೆ ಅಗಿದು ಮುಗಿಸಿದರು. ಆಮೇಲೆ, "ಪಾಳಿಯವರಿಗೆ ತಡ ಆಗ್ಬಾರ್ದು," ಎಂದರು. ಅದೇ ಒಪ್ಪಿಗೆ. ಹಿಂದೆ ಇನ್ನೊಂದು ಖಾಲಿ ಬಸ್ಸು ಬರುವಂತೆ ಏರ್ಪಾಡು ಮಾಡಿದೆ.

ಸೋಮವಾರ ಬಿಸಿಲು ರಣಗುಟ್ಟುತ್ತಿತ್ತು. ಐವತ್ತನಾಲ್ಕು ಜನ. ಹಾಲಪ್ಪನಿಗೆ ವಿಷಯ ಪೂರ್ತಿ ಹೇಳಿರಲಿಲ್ಲ. ಹೇಳಿದ್ದರೆ ಬೇಕೆಂದೇ ಮಾಡಿದ ಎನ್ನುವ ಮಾತು ಬರುತ್ತಿತ್ತು. ಹೊರಡುವ ಮುಂಚೆ ಸಾಹುಕಾರ್ರ ಎದುರಿಗೇ ರೇಡಿಯೇಟರಿಗೆ ನೀರು ತುಂಬಿಸಿದೆ. ಅವರು ಮುಂದಿನ ಸೀಟಿನಲ್ಲಿ ಕೂತರು, ನಾನು ಅವರ ಹಿಂದೆ. ಮಲವಗೊಪ್ಪ ದಾಟುವಾಗ ಮುಳ್ಳು ೧೯೦ ಡಿಗ್ರಿ ದಾಟಿತು. ನಮ್ಮಲ್ಲಿ ಆಗ ಫ್ಯಾರನ್‌ಹೀಟ್ ಲೆಕ್ಕ, ೨೧೨ಕ್ಕೆ ನೀರು ಕುದಿಯುತ್ತದೆ. ಹಾಲಪ್ಪ ಗೇರು ಇಳಿಸಿದ, ವೇಗ ತಗ್ಗಿಸಿದ, ತನಗೆ ಗೊತ್ತಿದ್ದ ಉಪಾಯವನ್ನೆಲ್ಲ ಮಾಡಿದ. ನಿದಿಗೆ ಕೆರೆಯ ಏರಿ ಕಾಣುವಷ್ಟರಲ್ಲಿ ಮುಂದಿನಿಂದ ಆವಿ ಭುಸ್ಸೆಂದಿತು.

ಹಿಂದಿನ ಸೀಟಿನಿಂದ ಯಾರೋ, "ಏನ್ ಹಾಲಪ್ಪಣ್ಣ, ಇದು ಮುನಿಸ್ವಾಮಿ ಸ್ಟಾಪು. ನಿಂಗೂ ಇಷ್ಟ ಆಯ್ತಾ?" ಎಂದರು. ಬಸ್ಸೆಲ್ಲ ನಗು. ಹಾಲಪ್ಪ ಇಳಿದು ಆವಿಯನ್ನೇ ನೋಡುತ್ತ ನಿಂತ. "ಮೇಸ್ತ್ರಿ, ನಾನು ನೀರು ನೋಡಿದ್ದೆ," ಎಂದ.

"ನಾನೂ ನೋಡಿದ್ದೆ ಬಿಡು," ಎಂದೆ. ಅವನು ಸಾಹುಕಾರ್ರ ಮುಖ ನೋಡಿದ, ನನ್ನ ಮುಖ ನೋಡಿದ. "ಪಾಪ, ಅವನೂ ಹೀಗೇ ಹೇಳ್ತಿದ್ದ," ಎಂದ. ಜನ ಹಿಂದಿನ ಬಸ್ಸು ಹತ್ತಿ ಹೋದರು.

ಸಂಜೆ ಷೆಡ್ಡಿನಲ್ಲಿ ಎಲ್ಲರ ಎದುರು ವಾಲ್ವನ್ನು ಕೂರಿಸಿದೆ. ನೀರು ಸೋರದಂತೆ ರಟ್ಟು ಕತ್ತರಿಸಿ ಹೊಸ ಪ್ಯಾಕಿಂಗ್ ಹಾಕಿದೆ. ಕೆಲಸಗಾರರಲ್ಲೊಬ್ಬ ಮೂಸಿ ನೋಡಿ, "ಕಡುಬಿನ ವಾಸನೆ ಬರ್ತಿದೆ," ಎಂದ. ಜವಳದ ಮಾತು ಮಾತ್ರ ಯಾರೂ ಎತ್ತಲಿಲ್ಲ.

ಮಂಗಳವಾರ ಮುನಿಸ್ವಾಮಿಗೆ ಹೇಳಿ ಕಳಿಸಿದ್ದೆ. ಬಂದ. ಎಂದಿನಂತೆ ಚಪ್ಪಲಿ ಬಿಟ್ಟು ಹತ್ತಿದ. ಅವತ್ತೂ ಅದೇ ಬಿಸಿಲು. ಜನ ಐವತ್ತೇಳು, ಹಿಂದಿನ ದಿನಕ್ಕಿಂತ ಮೂವರು ಹೆಚ್ಚು. ನಾನು ಅವನ ಪಕ್ಕದಲ್ಲಿ, ಎಂಜಿನ್ನಿನ ಮುಚ್ಚಳದ ಹತ್ತಿರ ಕೂತೆ. ಸೇತುವೆಯ ಆಚೆ ಮುಳ್ಳು ಏರುತ್ತ ಹೋಗಿ ೧೮೦ಕ್ಕೆ ಬಂತು. ಅಲ್ಲಿಂದ ಅದು ಮಲವಗೊಪ್ಪದಲ್ಲೂ ಏಳಲಿಲ್ಲ. ನಿದಿಗೆ ಕೆರೆ ಬಂತು. ಪಾಳಿಯವನೊಬ್ಬ, "ಮುನಿಸ್ವಾಮಿ, ಇವತ್ತು ಕೆರೆ ಹತ್ರ ನಿಲ್ಸಲ್ವಾ?" ಎಂದು ಕೂಗಿದ.

"ಇವತ್ತು ಗಾಡಿಗೆ ಬಾಯಾರಿಲ್ಲಪ್ಪ," ಎಂದ ಮುನಿಸ್ವಾಮಿ. ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಗೇಟಿನ ಮುಂದೆ ಬಸ್ಸು ನಿಂತಾಗ ಒಂದೂ ಮೂವತ್ತೈದು. ಇಳಿದು ರೇಡಿಯೇಟರಿನ ಕೆಳಭಾಗ ಮುಟ್ಟಿದೆ. ಕೈ ಇಡಲಾಗದಷ್ಟು ಬಿಸಿ. ನೀರು ಈಗ ಹೋಗಬೇಕಾದ ದಾರಿಯಲ್ಲಿ ಹೋಗುತ್ತಿತ್ತು. ಮುನಿಸ್ವಾಮಿಗೆ ಅಲ್ಲೇ, ಎರಡು ಲೋಟ ಟೀ ತರಿಸಿ, ನಡೆದದ್ದೆಲ್ಲ ಹೇಳಿದೆ. ಜವಳದ ದಿನದಿಂದ ಕಡುಬಿನ ಪಾತ್ರೆಯವರೆಗೆ. ತಪ್ಪಾಯಿತು ಎಂದೂ ಹೇಳಿದೆ. ಅವನು ಟೀ ಮುಗಿಸಿ ಲೋಟ ಕೆಳಗಿಟ್ಟು, "ಆ ಕಾಗದ ಎಲ್ಲಿದೆ ಮೇಸ್ತ್ರಿ?" ಎಂದು ಕೇಳಿದ.

ಆ ಸಂಜೆ ಸಾಹುಕಾರ್ರ ಕೋಣೆಯಲ್ಲಿ ನಾವು ಮೂವರೂ ಇದ್ದೆವು. ಸಾಹುಕಾರ್ರು ರಿಪೋರ್ಟ್ ಕೈಗೆತ್ತಿಕೊಂಡು, "ಮುಗೀತಲ್ಲ. ನಾಳೆಯಿಂದ ನಿನ್ನ ಗಾಡಿ ನೀನು ತಗೋ," ಎಂದು ಅದನ್ನು ಹರಿಯಲು ಹೋದರು.

"ಹರೀಬೇಡಿ ಸಾಮಿ," ಎಂದ ಮುನಿಸ್ವಾಮಿ.

"ಯಾಕೋ? ನಿನ್ನ ಮೇಲೆ ಬರ್ದಿದ್ದು ಇದು."

"ಗೊತ್ತು. ಎಲ್ರಿಗೂ ಗೊತ್ತು. ನೀವು ಹರಿದ್ರೆ, ಏನೋ ಇತ್ತು, ಕೈಕಾಲು ಹಿಡ್ಕೊಂಡು ಹರಿಸ್ಕೊಂಡ ಅಂತಾರೆ. ಅದು ಇರ್ಲಿ. ಅದರ ಕೆಳಗೇ ಮೇಸ್ತ್ರಿ ಬರೀಲಿ, ಏನಾಯ್ತು ಅಂತ. ಅದೇ ಕೈಲಿ."

ಸಾಹುಕಾರ್ರು ನನ್ನ ಕಡೆ ನೋಡಿ ಕಾಗದವನ್ನು ಮುಂದೆ ತಳ್ಳಿದರು. ಸಹಿಯ ಕೆಳಗೆ ಮೂರು ಬೆರಳು ಜಾಗ ಇತ್ತು. ಬರೆದೆ: 'ಮೇಲೆ ಬರೆದದ್ದು ತಪ್ಪು. ಈ ವಾಹನದ ಥರ್ಮೋಸ್ಟಾಟನ್ನು ಪೂಜೆಯ ದಿನ ನಾನೇ ತೆಗೆದೆ. ನೀರು ಕುದಿಯಲು ಅದೇ ಕಾರಣ. ಚಾಲಕ ಮುನಿಸ್ವಾಮಿಯಿಂದ ಯಾವ ತಪ್ಪೂ ಆಗಿಲ್ಲ. ಮುಳ್ಳು ಮೇಲೆ ನಿಲ್ಲುತ್ತದೆಂದು ಅವನು ಫೆಬ್ರವರಿಯಲ್ಲೇ ಹೇಳಿದ್ದ, ನಾನು ನೋಡಲಿಲ್ಲ.' ಕೆಳಗೆ ಮತ್ತೆ ಸಹಿ.

"ಓದಿ," ಎಂದ ಮುನಿಸ್ವಾಮಿ. ಓದಿದೆ.

"ಇನ್ನೊಂದ್ಸಲ."

ಇನ್ನೊಂದು ಸಲ ಓದಿದೆ. ತನ್ನ ಹೆಸರು ಬಂದಾಗ ಸಣ್ಣಗೆ ತಲೆ ಆಡಿಸಿದ. ಆಮೇಲೆ ಟವೆಲ್ ಹೆಗಲಿಗೆ ಹಾಕಿಕೊಂಡು, ಬಸ್ಸು ತೊಳೆಯಬೇಕು ಎಂದು ಹೊರಟುಹೋದ. ಅವನು ಮತ್ತೆ ಹದಿನಾರು ವರ್ಷ ನಮ್ಮಲ್ಲೇ ಓಡಿಸಿದ. ನನ್ನೊಡನೆ ಎಂದಿನಂತೆಯೇ ಇದ್ದ. ಹೆಚ್ಚು ಸಲಿಗೆಯೂ ಇಲ್ಲ, ಮುನಿಸೂ ಇಲ್ಲ. ಆದರೆ ಬಸ್ಸಿಗೆ ಏನಾದರೂ ಆದರೆ ನನ್ನ ನೋಟ್‌ಬುಕ್ಕಿನ ಪಕ್ಕ ಬಂದು ನಿಂತು, ಬರೆಯುವುದನ್ನು ನೋಡಿದ ಮೇಲೆಯೇ ಹೋಗುತ್ತಿದ್ದ.

ನಮ್ಮ ಷೆಡ್ಡಿನಲ್ಲಿ ಜವಳ ಅಲ್ಲಿಗೆ ನಿಂತಿತು. ಖಾದರ್ ಸಾಹೇಬರಿಗೆ ಹೋಗಿ ಹೇಳಿದಾಗ ಅವರು ಬೇಸರಪಡಲಿಲ್ಲ. "ನನ್ನ ಗಾಡಿಗೆ ಅದು ಸರಿ ಇತ್ತು ಬೇಟಾ. ನಿನ್ನ ಗಾಡಿ ನೀನು ನೋಡ್ಬೇಕಿತ್ತು," ಎಂದಷ್ಟೇ ಹೇಳಿದರು. ಗಿರಿಜಳಿಗೆ ಕಡುಬಿನ ಪಾತ್ರೆಗೆ ಹಾಕಲು ಹಳೆಯ ಬೇರಿಂಗಿನ ಒಂದು ಗುಂಡು ತಂದುಕೊಟ್ಟೆ. ಸದ್ದು ಚೆನ್ನಾಗಿದೆ, ಆದರೆ ನೋಡುವುದಕ್ಕೆ ಏನೂ ಇಲ್ಲ ಎಂದು ಈಗಲೂ ಅನ್ನುತ್ತಾಳೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಕೆಟ್ಟ ಬಸ್ಸು ಮುಂದೆ ಬಂದಾಗ ಏನು ಮುರಿದಿದೆ ಎಂದು ಹುಡುಕುತ್ತೇವೆ. ನಾವೇ ಏನು ತೆಗೆದಿದ್ದೇವೆ ಎಂದು ಹುಡುಕುವುದಿಲ್ಲ. ನಮ್ಮ ಕೈಯ ಅಭ್ಯಾಸ ನಮಗೆ ದೋಷದ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಆ ವರ್ಷದಿಂದ ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಬಸ್ಸಿನ ಹೆಸರಿನ ಕೆಳಗೆ ಮೊದಲ ಸಾಲು, ಅದಕ್ಕೆ ಷೆಡ್ಡಿನಲ್ಲಿ ನಾವು ಏನೇನು ಮಾಡಿದೆವು ಎಂಬುದು. ದೋಷಕ್ಕೆ ಕಾರಣವೆಂದು ಡ್ರೈವರಿನ ಹೆಸರು ಬರೆಯಬೇಕಾಗಿ ಬಂದಾಗ ಇವತ್ತಿಗೂ ಪೆನ್ನು ಒಂದು ಗಳಿಗೆ ನಿಲ್ಲುತ್ತದೆ. ನಾನು ನೋಡಿದೆನೇ? ಇಲ್ಲ. ಮತ್ತೆ ಯಾರು ನೋಡಿದರು? ಅದಕ್ಕೆ ಉತ್ತರ ಇಲ್ಲದ ದಿನ ಆ ಸಾಲನ್ನು ಖಾಲಿ ಬಿಟ್ಟು, ಮಳೆ ಬಂತೋ ಇಲ್ಲವೋ ಅದನ್ನು ಬರೆಯುತ್ತೇನೆ.